ಸಹಿಯ ಹಿಂದೆ ತರಬೇತಿ ಇದೆಯೇ?

ಅನ್ನ ನುಂಗಿದರೆ ಎದೆಯಲ್ಲೇ ನಿಂತಂತಾಗುತ್ತದೆ ಎಂದು ಬ್ರಿಟನ್ನಿನ ಆಸ್ಪತ್ರೆಗೆ ಹೋದವರಿಗೆ ಸಾಮಾನ್ಯವಾಗಿ ಮೊದಲು ಎಂಡೋಸ್ಕೋಪಿ ಮಾಡುತ್ತಾರೆ. ಅದು ಆಗದಿದ್ದರೆ, ಇಲ್ಲವೇ ಅನ್ನನಾಳದ ಚಲನೆಯನ್ನೇ ನೋಡಬೇಕಿದ್ದರೆ ಬೇರಿಯಂ ಸ್ವಾಲೋ ಪರೀಕ್ಷೆಗೆ ಕಳಿಸುತ್ತಾರೆ. ಬಿಳಿಯ ಬೇರಿಯಂ ದ್ರವವನ್ನು ಗುಟುಕು ಗುಟುಕಾಗಿ ಕುಡಿಯುವಾಗ ಅದು ಇಳಿಯುವ ದಾರಿ ಎಕ್ಸ್‌ರೇ ಪರದೆಯ ಮೇಲೆ ಕಾಣುತ್ತದೆ. ಇಲ್ಲಿನ ಅನೇಕ ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಪರೀಕ್ಷೆ ಮಾಡಿ ವರದಿಗೆ ಸಹಿ ಹಾಕುವವರು ಡಾಕ್ಟರಲ್ಲ, ವಿಶೇಷ ತರಬೇತಿ ಪಡೆದ ರೇಡಿಯೋಗ್ರಾಫರ್‌ಗಳು.

‘ಹಾಗಾದರೆ ಡಾಕ್ಟರು ನೋಡಲೇ ಇಲ್ಲವೇ?’ ಎಂದು ಊರಿನಿಂದ ಪ್ರಶ್ನೆ ಬರುವುದು ಸಹಜ. ಕರ್ನಾಟಕದಲ್ಲಿ ಟೆಕ್ನಿಷಿಯನ್ ಚಿತ್ರ ತೆಗೆಯುತ್ತಾರೆ, ರೇಡಿಯಾಲಜಿಸ್ಟ್ ವರದಿ ಬರೆಯುತ್ತಾರೆ. ಆ ರೂಢಿಯಿಂದ ನೋಡಿದರೆ ಇದು ಕಡಿಮೆ ದರ್ಜೆಯ ಸೇವೆಯಂತೆ ಕಾಣಬಹುದು. ಅದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ.

ಈ ಪರೀಕ್ಷೆಯ ಸ್ವಭಾವವನ್ನೇ ನೋಡಿ. ಇದು ಒಂದು ನಿಂತ ಚಿತ್ರವಲ್ಲ. ರೋಗಿಯನ್ನು ಯಾವ ಕಡೆ ತಿರುಗಿಸಬೇಕು, ಯಾವಾಗ ಮಲಗಿಸಿ ಕುಡಿಸಬೇಕು, ಇನ್ನೊಂದು ಗುಟುಕು ಬೇಕೇ ಎಂಬುದನ್ನು ಆ ಕ್ಷಣದಲ್ಲೇ ನಿರ್ಧರಿಸಬೇಕು. ನಾಳ ಕಿರಿದಾಗಿದೆಯೇ, ಗಂಟಲ ಹಿಂದೆ ಚೀಲದಂತೆ ಉಬ್ಬಿದೆಯೇ, ಕೆಳತುದಿ ಸಡಿಲವಾಗುತ್ತಿಲ್ಲವೇ ಎಂಬುದು ಚಲನೆಯಲ್ಲೇ ಗೊತ್ತಾಗುವುದು ಹೆಚ್ಚು. ಎದುರು ನಿಂತು ನೋಡಿದವರೇ ವರದಿ ಬರೆಯುವುದರಲ್ಲಿ ಅರ್ಥವಿದೆ.

ಕಾನೂನೂ ಇದಕ್ಕೆ ಅಡ್ಡಿಯಿಲ್ಲ. ವೈದ್ಯಕೀಯ ವಿಕಿರಣ ಕುರಿತ 2017ರ ನಿಯಮಗಳ ಪ್ರಕಾರ ಪ್ರತಿ ಎಕ್ಸ್‌ರೇ ಪರೀಕ್ಷೆಯ ಫಲಿತಾಂಶವನ್ನು ಪರಿಶೀಲಿಸಿ ದಾಖಲಿಸಬೇಕು. ಅದನ್ನು ಮಾಡುವವರಿಗೆ ತರಬೇತಿ ಇರಬೇಕು, ಸಂಸ್ಥೆ ಅಧಿಕಾರ ಕೊಟ್ಟಿರಬೇಕು. ಅವರು ಡಾಕ್ಟರೇ ಆಗಿರಬೇಕೆಂದಿಲ್ಲ. ರೇಡಿಯಾಲಜಿಸ್ಟ್‌ಗಳ ಕೊರತೆಯೂ ಈ ಬದಲಾವಣೆಗೆ ಕಾರಣ ಎನ್ನುವುದು ನಿಜ. ಆದರೆ 1990ರ ದಶಕದಲ್ಲೇ ದೊಡ್ಡ ಕರುಳಿನ ಬೇರಿಯಂ ಪರೀಕ್ಷೆ ರೇಡಿಯೋಗ್ರಾಫರ್‌ಗಳ ಕೈಗೆ ಬಂದಿತ್ತು. ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ.

ನಮ್ಮ ಆತಂಕ ಬೇರೆ ಕಡೆ ಇದೆ. ಕರ್ನಾಟಕದಲ್ಲಿ ಇಮೇಜಿಂಗ್ ಪದವಿ ಪಡೆದು ಇಲ್ಲಿಗೆ ಬರುವ ಯುವಕ ಯುವತಿಯರಿಗೆ ಈ ದಾರಿ ತೆರೆದಿದೆ. ಒಳ್ಳೆಯದೇ. ಆದರೆ ಜನ ಸಾಲದ ವಿಭಾಗದಲ್ಲಿ ಕೆಲಸ ಮೊದಲು, ತರಬೇತಿ ಆಮೇಲೆ ಎಂಬಂತಾಗಬಾರದು. ಲೆಕ್ಕಪರಿಶೋಧನೆಯಲ್ಲಿ ಸಹಿ ಹಾಕುವ ನಮಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಹಿಂದೆ ಕಾಗದಪತ್ರವಿಲ್ಲದ ಸಹಿ ನಂಬಿದವರಿಗೂ ಅಪಾಯ, ಹಾಕಿದವರಿಗೂ ಅಪಾಯ.

ಆದ್ದರಿಂದ ವಿದೇಶದಲ್ಲಿರುವ ಮಗನೋ ಮಗಳೋ ‘ಈಗ ನಾನೇ ವರದಿ ಬರೆಯುತ್ತೇನೆ’ ಎಂದಾಗ ಸಂಬಳ ಎಷ್ಟು ಹೆಚ್ಚಾಯಿತು ಎಂದಷ್ಟೇ ಕೇಳಬೇಡಿ. ಸ್ನಾತಕೋತ್ತರ ತರಬೇತಿ ಆಗಿದೆಯೇ? ಏನೇನು ಮಾಡಬಹುದು ಎಂಬುದು ಬರಹದಲ್ಲಿದೆಯೇ? ಅನುಮಾನ ಬಂದಾಗ ಕೇಳಲು ರೇಡಿಯಾಲಜಿಸ್ಟ್ ಸಿಗುತ್ತಾರೆಯೇ? ವರದಿಗಳನ್ನು ಕಾಲಕಾಲಕ್ಕೆ ಮರುಪರಿಶೀಲಿಸುತ್ತಾರೆಯೇ? ವರದಿ ಬರೆಯಲು ಪ್ರತ್ಯೇಕ ಸಮಯವಿದೆಯೇ? ಹುದ್ದೆಯ ದರ್ಜೆ ಜವಾಬ್ದಾರಿಗೆ ತಕ್ಕಂತೆ ಏರಿದೆಯೇ? ಉತ್ತರ ಹೌದಾದರೆ ಹೆಮ್ಮೆಪಡಿ. ಅಲ್ಲವಾದರೆ, ಅವೆಲ್ಲ ಸಿಗುವವರೆಗೆ ಸಹಿ ಬೇಡ ಎನ್ನುವ ಧೈರ್ಯವನ್ನು ಮನೆಯವರೇ ಅವರಿಗೆ ತುಂಬಬೇಕು.

ಭಾರತದಲ್ಲೂ 2021ರ ಕಾಯ್ದೆ ಇಮೇಜಿಂಗ್ ವೃತ್ತಿಗೆ ರಾಷ್ಟ್ರಮಟ್ಟದ ಮಾನ್ಯತೆ ಕೊಟ್ಟಿದೆ. ವರದಿ ಬರೆಯುವ ಅಧಿಕಾರದ ಮಾತು ಆಮೇಲಿರಲಿ. ‘ಬರೀ ಟೆಕ್ನಿಷಿಯನ್’ ಎನ್ನುವ ಮಾತನ್ನಾದರೂ ನಮ್ಮ ಮನೆಗಳಲ್ಲಿ ಬಿಡೋಣ.