ಅವಸರವಿಲ್ಲದ ಒಂದು ದಿನ

‘ದೇಶ ಸುತ್ತು, ಕೋಶ ಓದು’ ಎಂಬುದು ಹಿರಿಯರ ಮಾತು. ಪುಟಗಳನ್ನು ಬರಿದೆ ಮಗುಚಿಹಾಕಿದವನು ಕೋಶವನ್ನು ಓದಿದಂತಾಗುವುದಿಲ್ಲ. ದೇಶ ಸುತ್ತುವವನಿಗೂ ಈ ಮಾತು ಸಲ್ಲುತ್ತದೆ. ಆದರೂ ಪ್ರವಾಸಿಗಳಲ್ಲಿ ಅನೇಕರು ಒಂದು ದಿನದಲ್ಲಿ ಎಷ್ಟು ಸ್ಥಳಗಳನ್ನು ಮುಟ್ಟಿಬಂದೆವೆಂಬ ಲೆಕ್ಕದಲ್ಲಿಯೇ ತೃಪ್ತರಾಗುತ್ತಾರೆ. ಈ ಲೆಕ್ಕವು ಎಷ್ಟು ಪೊಳ್ಳಾದುದೆಂಬುದನ್ನು ಇಟಲಿಯ ಫ್ಲಾರೆನ್ಸ್ ನಗರದಲ್ಲಿ ನಿಧಾನವಾಗಿ ಕಳೆದ ಒಂದು ದಿನ ತಿಳಿಸಿಕೊಡಬಲ್ಲುದು.

ಆರ್ನೋ ನದಿಯ ದಂಡೆಯ ಮೇಲಿರುವ ಈ ನಗರದ ಹಳೆಯ ಭಾಗವನ್ನು ಕಾಲ್ನಡಿಗೆಯಲ್ಲಿಯೇ ಸುತ್ತಿಬರಬಹುದು. ಅದರ ನಡುವೆ ಪ್ರಧಾನ ಇಗರ್ಜಿಯ ಬೃಹತ್ ಗುಮ್ಮಟವು ತಲೆಯೆತ್ತಿ ನಿಂತಿದೆ. ಬ್ರುನೆಲೆಸ್ಕಿ ಎಂಬ ಶಿಲ್ಪಿ ಇದರ ಕೆಲಸವನ್ನು 1420ರಲ್ಲಿ ಆರಂಭಿಸಿ 1436ರಲ್ಲಿ ಮುಗಿಸಿದನು. ಇಷ್ಟು ದೊಡ್ಡ ಗುಮ್ಮಟಕ್ಕೆ ನೆಲದಿಂದ ಮರದ ಆಸರೆಯನ್ನು ಎಬ್ಬಿಸದೆಯೇ ಆತನು ಅದನ್ನು ಕಟ್ಟಿಸಿದನು. ಗುಮ್ಮಟಕ್ಕೆ ಒಳಗೊಂದು ಹೊರಗೊಂದು, ಹೀಗೆ ಎರಡು ಕವಚಗಳಿವೆ. ಮೇಲೇರುವ 463 ಮೆಟ್ಟಿಲುಗಳ ದಾರಿಯು ಇವುಗಳ ನಡುವೆ ಹಾದುಹೋಗುತ್ತದೆ. ತುದಿಯನ್ನು ಮುಟ್ಟುವ ಆತುರವುಳ್ಳವನಿಗೆ ಅದು ಬರಿಯ ಆಯಾಸದ ದಾರಿ. ಅಲ್ಲಲ್ಲಿ ನಿಂತು ಇಟ್ಟಿಗೆಗಳ ಹೆಣಿಗೆಯನ್ನು ಗಮನಿಸುವವನಿಗಾದರೋ ಒಬ್ಬ ಮಹಾಶಿಲ್ಪಿಯ ಬುದ್ಧಿಶಕ್ತಿಯೇ ಕಣ್ಣೆದುರು ತೆರೆದುಕೊಳ್ಳುತ್ತದೆ.

ಅಕಾಡೆಮಿಯಾ ಎಂಬ ಕಲಾಶಾಲೆಯಲ್ಲಿರುವ ಡೇವಿಡ್ ವಿಗ್ರಹವೂ ಇದೇ ಪಾಠವನ್ನು ಹೇಳುತ್ತದೆ. ಹಿಂದಿನ ಶಿಲ್ಪಿಗಳು ಕೆಲಸ ತೊಡಗಿ ಕೈಬಿಟ್ಟಿದ್ದ ಅಮೃತಶಿಲೆಯ ಬಂಡೆಯಲ್ಲಿ ಮೈಕೆಲೇಂಜಲೊ 1501ರಿಂದ 1504ರವರೆಗೆ ದುಡಿದು ಈ ವಿಗ್ರಹವನ್ನು ಕಡೆದನು. ಅದರ ಎತ್ತರ ಐದು ಮೀಟರಿಗೂ ಹೆಚ್ಚು. ದೂರದಿಂದ ಕಾಣುವವನು ನಿಶ್ಚಿಂತನಾದ ತರುಣ. ಹತ್ತಿರ ಬಂದು ಸುತ್ತಲೂ ನಡೆದು ನೋಡಿದರೆ ಹುಬ್ಬು ಗಂಟಿಕ್ಕಿರುವುದೂ ಕೈಯ ನರಗಳು ಉಬ್ಬಿರುವುದೂ ಹೆಗಲ ಮೇಲಿನ ಕವಣೆಯೂ ಕಾಣುತ್ತವೆ. ದೈತ್ಯನಾದ ಗೋಲಿಯಾತನನ್ನು ಎದುರಿಸಲಿರುವ ಹುಡುಗನ ಅಂತರಂಗವು ಆಗ ಅರಿವಿಗೆ ಬರುತ್ತದೆ.

ದೂರದಿಂದ ಬಂದವರಿಗೆ ಹಣವೂ ಮಿತ, ದಿನಗಳೂ ಮಿತ. ಸಾಧ್ಯವಾದಷ್ಟನ್ನೂ ನೋಡಬೇಕೆಂಬ ಆಸೆ ತಪ್ಪೇ ಎಂದು ಯಾರಾದರೂ ಕೇಳಬಹುದು. ಆಸೆ ತಪ್ಪಲ್ಲ, ಆದರೆ ಅವಸರದಿಂದ ಆ ಆಸೆ ಈಡೇರುವುದಿಲ್ಲ. ಉಫಿತ್ಸಿ ಕಲಾಶಾಲೆಯ ಹತ್ತಾರು ಕೋಣೆಗಳನ್ನು ಒಂದೇ ಉಸಿರಿಗೆ ದಾಟಿದವನ ನೆನಪಿನಲ್ಲಿ ಸಂಜೆಯ ಹೊತ್ತಿಗೆ ಉಳಿಯುವುದು ಕಾಲುನೋವು ಮಾತ್ರ. ನಾಲ್ಕೇ ಚಿತ್ರಗಳ ಮುಂದೆ ತಾಳ್ಮೆಯಿಂದ ನಿಂತವನು ಆ ನಾಲ್ಕನ್ನೂ ತನ್ನೊಡನೆ ಊರಿಗೆ ಕೊಂಡೊಯ್ಯುತ್ತಾನೆ.

ನಿಧಾನವಾಗಿ ನೋಡುವುದರಲ್ಲಿ ನೋಡುವವನ ಲಾಭಕ್ಕಿಂತಲೂ ಹಿರಿದಾದ ಇನ್ನೊಂದು ಸಂಗತಿಯಿದೆ. ಇಂತಹ ವಸ್ತುಗಳು ತಾವಾಗಿಯೇ ಉಳಿದುಬಂದವಲ್ಲ. ಈ ನಗರವನ್ನಾಳಿದ ಮೆದಿಚಿ ಮನೆತನದ ಕೊನೆಯ ಕುಡಿಯಾದ ಆನ್ನಾ ಮರಿಯಾ ಲೂಯಿಸಾ ಎಂಬಾಕೆ 1737ರ ಒಪ್ಪಂದದ ಮೂಲಕ ಮನೆತನದ ಕಲಾಸಂಪತ್ತನ್ನು ರಾಜ್ಯಕ್ಕೆ ಒಪ್ಪಿಸಿದಳು. ಅದರಲ್ಲಿ ಏನನ್ನೂ ಫ್ಲಾರೆನ್ಸಿನಿಂದ ಹೊರಗೆ ಸಾಗಿಸಬಾರದೆಂಬುದು ಆಕೆಯ ಕಟ್ಟಳೆಯಾಗಿತ್ತು. ಉಫಿತ್ಸಿಯ ಬಾಗಿಲು 1769ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಮುಂದೆ 1966ರ ನವೆಂಬರ್ 4ರಂದು ಆರ್ನೋ ನದಿಯು ಉಕ್ಕಿ ಹರಿದು ನಗರವನ್ನು ಕೆಸರಿನಲ್ಲಿ ಮುಳುಗಿಸಿದಾಗ, ನಾನಾ ದೇಶಗಳ ತರುಣ ತರುಣಿಯರು ಅಲ್ಲಿಗೆ ಧಾವಿಸಿದರು. ಅವರು ಸಾಲುಗಟ್ಟಿ ನಿಂತು ಗ್ರಂಥಾಲಯದ ನೆನೆದ ಪುಸ್ತಕಗಳನ್ನು ಕೈಯಿಂದ ಕೈಗೆ ದಾಟಿಸಿದರು. ಜನರು ಅವರನ್ನು ‘ಕೆಸರಿನ ದೇವದೂತರು’ ಎಂದು ಕರೆದರು.

ಆ ನೆರೆಯಲ್ಲಿ ಚಿಮಾಬೂಯೆ ಎಂಬ ಪ್ರಾಚೀನ ಚಿತ್ರಕಾರನ ಮರದ ಶಿಲುಬೆಯ ಬಣ್ಣವು ಬಹುಪಾಲು ಕಳಚಿಹೋಯಿತು. ಸಾಂತಾ ಕ್ರೋಚೆ ಇಗರ್ಜಿಯಲ್ಲಿ ಅದನ್ನು ಇಂದಿಗೂ ಕಾಣಬಹುದು. ದುರಸ್ತಿ ಮಾಡಿದ ತಜ್ಞರು ನಷ್ಟವಾದ ಭಾಗವನ್ನು ಕಲ್ಪನೆಯಿಂದ ತುಂಬಿ ಮರೆಮಾಚಲಿಲ್ಲ. ಹಳೆಯದು ಯಾವುದು, ತಾವು ಸೇರಿಸಿದ್ದು ಯಾವುದು ಎಂಬುದು ತಿಳಿಯುವಂತೆ ಆ ಜಾಗಗಳನ್ನು ಬಣ್ಣದ ಸಣ್ಣ ಗೆರೆಗಳಿಂದ ತುಂಬಿದರು. ಓಡುತ್ತಾ ನೋಡುವವನಿಗೆ ಅದು ಮಾಸಿದ ಹಳೆಯ ಚಿತ್ರ. ನಿಂತು ನೋಡುವವನಿಗೆ ಅದರಲ್ಲಿ ನಷ್ಟದ ದುಃಖವೂ ಉಳಿಸಿದವರ ಪ್ರಾಮಾಣಿಕತೆಯೂ ಒಟ್ಟಿಗೆ ಕಾಣುತ್ತವೆ.

ಮನಸ್ಸಿಟ್ಟು ನೋಡದ ವಸ್ತುವಿನ ಮೇಲೆ ಪ್ರೀತಿ ಹುಟ್ಟುವುದಿಲ್ಲ. ಪ್ರೀತಿಯಿಲ್ಲದ ವಸ್ತುವನ್ನು ಆಪತ್ತಿನಲ್ಲಿ ಕಾಪಾಡಲು ಯಾರೂ ಕೆಸರಿಗಿಳಿಯುವುದಿಲ್ಲ. ಆದುದರಿಂದ ನಿಧಾನವಾಗಿ ನೋಡುವುದು ಸೋಮಾರಿತನವಲ್ಲ. ಅದು ಪರಂಪರೆಗೆ ಸಲ್ಲಿಸುವ ಋಣ. ಪರದೇಶದ ವಸ್ತುಸಂಗ್ರಹಾಲಯಕ್ಕೆ ಹೋಗುವ ಅವಕಾಶ ಎಲ್ಲರಿಗೂ ದೊರೆಯಲಾರದು. ಆದರೆ ದಿನವೂ ಹಾದುಹೋಗುವ ದಾರಿಯ ಬದಿಯಲ್ಲಿ ಹಳೆಯದೊಂದು ಶಿಲೆಯಿದ್ದರೆ, ಅದರ ಮುಂದೆ ಗಳಿಗೆ ಹೊತ್ತು ನಿಂತು ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ.