ಕಡಲನ್ನು ತಡೆಯಲು ಕಲ್ಲಿನ ಗೋಡೆ ಸಾಲದು



‘ಕಗ್ಗ’ ಎಂದ ಕೂಡಲೇ ಕನ್ನಡ ಶಾಲೆಯಲ್ಲಿ ಎಲ್ಲರಿಗೂ ಡಿ.ವಿ.ಜಿ. ನೆನಪಾಗುತ್ತಾರೆ. ಆದರೆ ಉತ್ತರ ಕನ್ನಡದ ಕುಮಟಾ ಕಡೆ ಕಗ್ಗ ಎಂದರೆ ಒಂದು ಭತ್ತ. ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಪಕ್ಕದಲ್ಲಿ ಗಜನಿ ಎಂಬ ತಗ್ಗಿನ ಗದ್ದೆಗಳಿವೆ. ಮಳೆಗಾಲದಲ್ಲಿ ಸಿಹಿನೀರು ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಅಲ್ಲಿ ಕಗ್ಗ ಬಿತ್ತುತ್ತಾರೆ. ಈ ಭತ್ತ ಉಪ್ಪನ್ನು ತಾಳುತ್ತದೆ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಬದುಕುತ್ತದೆ. ಕೊಯ್ಲಾದ ಮೇಲೆ ಅದೇ ಗದ್ದೆಗೆ ಉಪ್ಪುನೀರು ಬಿಟ್ಟು ಸಿಗಡಿ, ಮೀನು ಹಿಡಿಯುತ್ತಾರೆ. ಗದ್ದೆಗೂ ಹೊಳೆಗೂ ನಡುವೆ ಒಂದು ಒಡ್ಡು. ಒಡ್ಡಿನ ಹೊರಗೆ ಅಲೆಯ ಹೊಡೆತ ತಡೆಯುವ ಕಾಂಡ್ಲಾ ಗಿಡಗಳು.

ಈ ಬದುಕು ಉಪ್ಪು ಮತ್ತು ಸಿಹಿನೀರಿನ ಲೆಕ್ಕದ ಮೇಲೆ ನಿಂತಿದೆ. ಈಗ ಆ ಲೆಕ್ಕ ತಪ್ಪುತ್ತಿದೆ. 1901ರಿಂದ 2018ರವರೆಗೆ ಜಗತ್ತಿನ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಗೇಣು ಏರಿದೆ. ಮೊದಲು ವರ್ಷಕ್ಕೆ 1.3 ಮಿಲಿಮೀಟರ್ ಏರುತ್ತಿದ್ದದ್ದು 2006ರ ನಂತರ 3.7 ಮಿಲಿಮೀಟರ್ ಆಗಿದೆ. ಒಂದು ಗೇಣು ನಮಗೆ ಸಣ್ಣದು. ತಗ್ಗಿನ ಗದ್ದೆಯ ಒಡ್ಡಿಗೆ ಅದು ದೊಡ್ಡದು.

ನಾವು ಮಿಷಿಗನ್‌ನವರೂ ನೀರು ಏರುವುದನ್ನು ನೋಡಿದ್ದೇವೆ. 2019 ಮತ್ತು 2020ರಲ್ಲಿ ಸರೋವರಗಳು ತುಂಬಿದಾಗ ಡೆಟ್ರಾಯಿಟ್‌ನ ಜೆಫರ್ಸನ್ ಚಾಮರ್ಸ್ ಬಡಾವಣೆಗೆ ನೀರು ನುಗ್ಗಿತ್ತು. ಆದರೆ ಸರೋವರ ಏರಿದರೆ ಮತ್ತೆ ಇಳಿಯುತ್ತದೆ. ಸಮುದ್ರ ನಮ್ಮ ಕಾಲದಲ್ಲಿ ಹಾಗೆ ಇಳಿಯುವುದಿಲ್ಲ.

ಹಾಗಾದರೆ ಗೋಡೆ ಕಟ್ಟಿದರೆ ಆಯಿತಲ್ಲ ಎಂದು ಕೇಳಬಹುದು. ಮಂಗಳೂರಿನ ಹತ್ತಿರದ ಉಳ್ಳಾಲದಲ್ಲಿ ಕಡಲ್ಕೊರೆತ ತಡೆಯಲು ಎಷ್ಟೋ ವರ್ಷಗಳಿಂದ ಕಲ್ಲು ಹಾಕಿದ್ದಾರೆ. ಮನೆ ಬೀಳುವ ಹೊತ್ತಿಗೆ ಕಲ್ಲು ಬೇಕೇ ಬೇಕು. ಆದರೆ ಒಂದು ಕಡೆ ಗೋಡೆ ಕಟ್ಟಿದರೆ ಅಲೆ ಪಕ್ಕದ ದಡವನ್ನು ಕೊರೆಯಬಹುದು. ಗೋಡೆ ತಾನಾಗಿ ಎತ್ತರವಾಗುವುದೂ ಇಲ್ಲ. ಕಾಂಡ್ಲಾ ಬೇರುಗಳು ನದಿ ತಂದ ಹೂಳನ್ನು ಹಿಡಿದು ನೆಲವನ್ನೇ ನಿಧಾನವಾಗಿ ಎತ್ತರಿಸುತ್ತವೆ.

ಅದಕ್ಕೆ ಹೂಳು ತರುವ ನದಿ ಬೇಕು. ಬಂಗಾಳದ ಸುಂದರಬನದಲ್ಲಿ ಕಡಲು ಏರುತ್ತಿರುವಾಗಲೇ ಮೆತ್ತಗಿನ ನೆಲ ಕುಸಿಯುತ್ತಿದೆ. ಅಲ್ಲಿನ ಘೋರಮಾರಾ ದ್ವೀಪ ಅರ್ಧಕ್ಕಿಂತ ಹೆಚ್ಚು ನೆಲ ಕಳೆದುಕೊಂಡಿದೆ. ಅಘನಾಶಿನಿಗೆ ಇಂದಿಗೂ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿದ್ದು 2024ರ ಜನವರಿಯಲ್ಲಿ ಪ್ರಕಟವಾಯಿತು. ಆದರೂ ಈ ನದಿಯ ನೀರನ್ನು ವೇದಾವತಿಗೆ ತಿರುಗಿಸುವ ಯೋಜನೆಯ ಮಾತು ನಡೆದಿದೆ. ಬಯಲುಸೀಮೆಗೆ ನೀರು ಬೇಕು, ನಿಜ. ನಮ್ಮಲ್ಲಿ ಎಷ್ಟೋ ಜನರ ಅಜ್ಜಿ-ತಾತ ಆ ಕಡೆಯವರೇ. ಆದರೆ ಅಲ್ಲಿನ ಕೆರೆಗಳ ಹೂಳೆತ್ತಿ ಮಳೆನೀರು ಹಿಡಿಯುವ ಕೆಲಸ ಮೊದಲು ಪೂರ್ತಿಯಾಗಲಿ. ‘ಸುಮ್ಮನೆ ಸಮುದ್ರಕ್ಕೆ ಹೋಗುವ ನೀರು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆ ನೀರು ದಾರಿಯಲ್ಲಿ ಗಜನಿಯ ಉಪ್ಪನ್ನು ತೊಳೆಯುತ್ತದೆ, ಮೀನು ಸಾಕುತ್ತದೆ, ಕಾಂಡ್ಲಾಕ್ಕೆ ಮಣ್ಣು ಕೊಡುತ್ತದೆ.

ಇದರಲ್ಲಿ ನಮ್ಮ ಪಾಲೂ ಇದೆ. ಅಮೆರಿಕದಲ್ಲಿ ಒಬ್ಬ ವ್ಯಕ್ತಿಯ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 14 ಟನ್ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಭಾರತದಲ್ಲಿ ಸುಮಾರು 2 ಟನ್. ದೋಣಿಯಲ್ಲಿ ಹೋಗಿ ಚಿಪ್ಪು ಆಯುವವರ ಪಾಲು ಇನ್ನೂ ಕಡಿಮೆ. ಕಾರಿನ ಊರಾದ ಡೆಟ್ರಾಯಿಟ್ ಪಕ್ಕದಲ್ಲಿದ್ದೇವೆ, ಕಾರು ಬಿಡಿ ಎಂದರೆ ಯಾರೂ ಕೇಳುವುದಿಲ್ಲ. ಆದರೆ ಕ್ಯಾಂಟನ್‌ನ ಒಂದೇ ಬೀದಿಯಿಂದ ಕನ್ನಡ ತರಗತಿಗೆ ಮೂರು ಎಸ್‌ಯುವಿ ಬರಬೇಕೇ? ಅಪ್ಪ-ಅಮ್ಮಂದಿರೇ, ಸರದಿಯ ಮೇಲೆ ಒಂದರಲ್ಲೇ ಕರೆತನ್ನಿ.

ಶಿಕ್ಷಕರಲ್ಲಿ ನನ್ನದೊಂದು ಕೋರಿಕೆ. ಗಜನಿ, ಕಗ್ಗ, ಕಾಂಡ್ಲಾ, ಅಳಿವೆ ಈ ನಾಲ್ಕು ಪದಗಳಿಗೆ ಒಂದು ಪಾಠ ಮೀಸಲಿಡಿ. ಮುಂದಿನ ಬೇಸಿಗೆ ರಜೆಗೆ ಊರಿಗೆ ಹೋಗುವವರು ಗೋಕರ್ಣದ ಬೀಚ್ ನೋಡಿದ ಮೇಲೆ ಪಕ್ಕದ ಅಘನಾಶಿನಿಯ ಅಳಿವೆಯನ್ನೂ ನೋಡಿ ಬನ್ನಿ. ಗದ್ದೆ ಉಪ್ಪಾಗಿ ಬೇಸಾಯ ನಿಂತರೆ ಬೀಜ ಹೋಗುತ್ತದೆ, ಬೀಜದ ಜೊತೆ ಆ ಪದಗಳೂ ಹೋಗುತ್ತವೆ. ಕನ್ನಡ ಉಳಿಸಬೇಕು ಎನ್ನುವ ನಾವು ಆ ಪದಗಳು ಹುಟ್ಟಿದ ನೆಲದ ಬಗ್ಗೆಯೂ ಮಾತಾಡಬೇಕು.