ಕಬ್ಬಿನೊಳಗೊಬ್ಬ ಗೊಬ್ಬರಗಾರ

ಮಕ್ಕಳೇ, ಬ್ಯಾಕ್ಟೀರಿಯಾ ಎಂದೊಡನೆ ನಮಗೆ ರೋಗವೇ ನೆನಪಾಗುತ್ತದೆ. ಆದರೆ ಕುಡಚಿಯ ಸುತ್ತ, ಕೃಷ್ಣಾ ನದಿಯ ದಂಡೆಯಲ್ಲಿ ಬೆಳೆಯುವ ಕಬ್ಬನ್ನು ನೋಡಿ. ಕಬ್ಬಿನ ಬೇರು, ಕಾಂಡಗಳ ಒಳಗೆ ವಾಸಿಸಬಲ್ಲ ಒಂದು ಬ್ಯಾಕ್ಟೀರಿಯಾ ಇದೆ. ಅದರ ಹೆಸರು ಗ್ಲುಕೋನಾಸಿಟೋಬ್ಯಾಕ್ಟರ್. 1988ರಲ್ಲಿ ಬ್ರೆಜಿಲ್ ದೇಶದ ವಿಜ್ಞಾನಿಗಳು ಇದರ ಬಗ್ಗೆ ವರದಿ ಮಾಡಿದರು. ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವಿದ್ದರೂ ಕಬ್ಬು ಅದನ್ನು ನೇರವಾಗಿ ಬಳಸಲಾರದು. ಈ ಜೀವಿ ಆ ಸಾರಜನಕವನ್ನು ಅಮೋನಿಯಾ ಆಗಿ ಬದಲಿಸುತ್ತದೆ.

ಇಷ್ಟು ಚಿಕ್ಕ ಜೀವಿಗೆ ಈ ವಿದ್ಯೆ ಹೇಗೆ ಬಂತು? ಉತ್ತರ ಅದರ ಡಿ.ಎನ್.ಎ.ಯಲ್ಲಿದೆ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಉದ್ದನೆಯ ಸಾಲು ಅದು. ಬ್ಯಾಕ್ಟೀರಿಯಾ ಒಂದರ ಪೂರ್ಣ ಸಾಲನ್ನು ವಿಜ್ಞಾನಿಗಳು ಮೊದಲು ಓದಿದ್ದು 1995ರಲ್ಲಿ. ಕಬ್ಬಿನ ಈ ಗೆಳೆಯನ ಸುಮಾರು 39 ಲಕ್ಷ ಅಕ್ಷರಗಳ ಓದು 2009ರಲ್ಲಿ ಪ್ರಕಟವಾಯಿತು. ಸಾರಜನಕ ಹಿಡಿಯುವ ವಂಶವಾಹಿಗಳು ಎಲ್ಲಿವೆ ಎಂಬುದು ಅದರಲ್ಲಿ ಕಾಣಿಸಿತು.

ಆದರೆ ವಂಶವಾಹಿ ಇದ್ದರೆ ಸಾಲದು, ಅದು ಕೆಲಸ ಮಾಡಬೇಕಲ್ಲ! ಯೂರಿಯಾದಂಥ ಸಾರಜನಕ ಗೊಬ್ಬರ ಅತಿಯಾದಾಗ ಕಬ್ಬಿನಲ್ಲಿ ಈ ಜೀವಿಗಳ ಸಂಖ್ಯೆ ಕುಗ್ಗುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಹಾಗೆಂದು ಗೊಬ್ಬರವನ್ನೇ ಬಿಡಬೇಕೆಂದಲ್ಲ. ಹೆಚ್ಚು ಹಾಕಿದಷ್ಟೂ ಹೆಚ್ಚು ಬೆಳೆ ಎಂಬ ನಂಬಿಕೆಯನ್ನು ಬಿಡಬೇಕು. ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಹಾಕಬೇಕು. ಇದನ್ನು ಮನೆಯಲ್ಲಿ ಹಿರಿಯರಿಗೂ ತಿಳಿಸಿರಿ.

ಮಣ್ಣು ಬದಲಾದರೆ ಸೂಕ್ಷ್ಮಜೀವಿಗಳೂ ಬದಲಾಗುತ್ತವೆ. ಬ್ರೆಜಿಲ್‌ನಲ್ಲಿ ಓದಿದ್ದು ನಮ್ಮ ಎರೆಮಣ್ಣಿಗೆ ಪೂರ್ತಿ ಉತ್ತರವಾಗದು. ನಮ್ಮ ಹೊಲದ ಜೀವಿಗಳನ್ನು ಓದುವವರು ನಿಮ್ಮಲ್ಲಿಂದಲೇ ಬರಬೇಕು. ಅಲ್ಲಿಯವರೆಗೆ ಅವುಗಳನ್ನು ಉಳಿಸುವ ಹೊಣೆ ನಮ್ಮೆಲ್ಲರದು.